ಓಕ್ ಮರದ ಮೇಲಿನಿಂದ ಬಂದ ಉತ್ತರ

ವಯಸ್ಸಾದವನಿಗೆ ಬೇಕಾದದ್ದು ಹಾಲೂ ಅಲ್ಲ, ಹಣ್ಣೂ ಅಲ್ಲ. ಕೂಗಿದರೆ ಯಾರಾದರೂ ಓ ಎನ್ನಬೇಕು. "ಸರೋಜಾ, ಕಾಫಿ ಆಯ್ತೇನೇ?" ಎಂದು ನಾನು ಹೆಂಡತಿಯನ್ನು ಕೇಳಿದರೆ ಅಮೆರಿಕದ ನಮ್ಮ ಗೈದರ್ಸ್‌ಬರ್ಗ್ ಮನೆಯಲ್ಲಿ ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತದೆ. ನಾನು ಮಾಡಿದ ತಪ್ಪಿಗೆ ಇದೇ ಮೂಲ. ನೆಪವಲ್ಲ, ಸುಮ್ಮನೆ ಹೇಳಿದೆ.

ನಮ್ಮ ಬೀದಿಯ ಡಾಕ್ಟರ್ ಪೊನ್ನಪ್ಪನವರು ಕೊಡಗಿನವರು. ಊರು ಬಿಟ್ಟರೂ ಕೋವಿ ಬಿಟ್ಟವರಲ್ಲ. ಆದರೂ ಇಲ್ಲಿನ ಕಾಡು ಟರ್ಕಿ ಕೋಳಿಯ ಹುಂಜ ಮಾತ್ರ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. "ಡ್ಯಾಡಿ, ಬೇಟೆಗೆ ಈ ಸೀಸನ್ನೇ ಲಾಸ್ಟ್" ಎಂದು ಮಗಳು ತಾಕೀತು ಮಾಡಿದ್ದಳು. ಹಾಗಾಗಿ ಹುಂಜ ಯಾವ ಮರದ ಮೇಲೆ ಮಲಗುತ್ತದೆಂದು ಮೊದಲೇ ಪತ್ತೆ ಮಾಡಿಟ್ಟುಕೊಳ್ಳಬೇಕಿತ್ತು. "ರಾಯರೇ, ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ. ನೀವು ಬನ್ನಿ" ಎಂದರು. ನಾನು ಈರುಳ್ಳಿಗೂ ಹಿಂದೆಮುಂದೆ ನೋಡುವ ಮನೆತನದವನು. ಕೇಳಿಸಿಕೊಳ್ಳುವುದರಲ್ಲಿ ಪಾಪವೇನು ಎಂದು, ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಹೊರಟೆ.

ಬೆಳಕು ಹರಿಯುವ ಮುನ್ನ ಅವರ ಗೆಳೆಯರ ಜಮೀನಿನಂಚಿನ ಕಾಡಿನಲ್ಲಿ ನಿಂತೆವು. ಥಟ್ಟನೆ ದೊಡ್ಡ ಸದ್ದಾದರೆ ಹುಂಜ ತಡೆಯಲಾರದೆ ಕೂಗುತ್ತದಂತೆ. ಡಾಕ್ಟರು ಗೂಬೆಯ ದನಿಯ ಪೀಪಿ ಊದಿದರು. ಉತ್ತರವಿಲ್ಲ. ಅಷ್ಟರಲ್ಲಿ ಹಲ್ಲುಜ್ಜದೆ ಬಂದದ್ದು ನೆನಪಾಗಿ, ಜೇಬಿನಲ್ಲಿದ್ದ ತಾಮ್ರದ ಪಟ್ಟಿ ತೆಗೆದು ನಾಲಿಗೆ ಕೆರೆದುಕೊಂಡೆ. "ಹ್ಯಾಆಆಕ್!" ಮನೆಯಲ್ಲಿ ಈ ಸದ್ದಿಗಾಗಿಯೇ ನನ್ನನ್ನು ಬೇಸ್‌ಮೆಂಟಿನ ಬಚ್ಚಲಿಗೆ ಗಡೀಪಾರು ಮಾಡಿದ್ದಾರೆ. "ತಾತಾ, ಆರ್ ಯೂ ಡೈಯಿಂಗ್?" ಎಂದು ಮೊಮ್ಮಗಳು ಬಾಗಿಲು ಬಡಿಯುವುದುಂಟು.

"ಗೊಳಗೊಳಗೊಳ!" ಎಂದಿತು ಎದುರಿನ ಓಕ್ ಮರ.

ಅದು ಡಾಕ್ಟರಿಗೂ ಕೇಳಿಸಿತು. "ಇನ್ನೊಂದ್ಸಲ ಹೊಡೀರಿ ರಾಯರೇ!" ಹೊಡೆದೆ. ಮರ ಮತ್ತೆ ಗೊಳಗೊಳ. ಮುದುಕರಿಬ್ಬರೂ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು, ಒಬ್ಬರಿಗೊಬ್ಬರು ಆತುಕೊಂಡು ನಕ್ಕೆವು. "ಸಾಕು. ಸೀಸನ್ ಶುರುವಾಗೋವರೆಗೂ ಯಾರೂ ಇಲ್ಲಿ ಉಸಿರೆತ್ತಬಾರ್ದು. ಹುಷಾರಾದ್ರೆ ಮತ್ತೆ ಕೂಗಲ್ಲ ಅದು" ಎಂದರು ಡಾಕ್ಟರು.

ಮರುದಿನ ನಾನೊಬ್ಬನೇ ಹೋದೆ. ಅದರ ಮರುದಿನವೂ. ಹೀಗೇ ಒಂದು ವಾರ. ಹುಂಜ ಉಳಿಯಲಿ ಎಂಬ ಕರುಣೆಯೇನೂ ಅಲ್ಲ. ನಾನು ಹ್ಯಾಕ್ ಎಂದರೆ ಎದುರಿನಿಂದ ಗೊಳ ಎನ್ನುವ ಜೀವ ಒಂದಿದೆಯಲ್ಲ, ಆ ಹುಚ್ಚು! "ವಾಕಿಂಗ್ ಚೆನ್ನಾಗಿ ಹಿಡಿದಿದೆ ಕಣ್ರೀ, ಮುಖ ಫಳಫಳಾಂತಿದೆ" ಎಂದಳು ಸರೋಜ. ಕೊನೆಕೊನೆಗೆ ಹುಂಜ ಅರ್ಧ ಗೊಳಕ್ಕೇ ನಿಲ್ಲಿಸತೊಡಗಿತು. ನೆಗಡಿಯಿರಬೇಕು ಎಂದುಕೊಂಡೆ.

ಸೀಸನ್ನಿನ ಮೊದಲ ಬೆಳಗ್ಗೆ ಡಾಕ್ಟರು ಕೋವಿ ಹಿಡಿದು ಕೂತು ನನಗೆ ಸನ್ನೆ ಮಾಡಿದರು. ಕೆರೆದೆ. ಸದ್ದಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ ಕೆರೆದೆ. ಹುಂಜ ತುಟಿ ಬಿಚ್ಚದೆ ಮರದ ಆಚೆಗೆ ಹಾರಿಳಿದು, ದಿಬ್ಬ ದಾಟಿ ನಡೆದುಬಿಟ್ಟಿತು. ಆಮೇಲೆ ಅದು ಆ ಕಡೆ ಸುಳಿಯಲೇ ಇಲ್ಲ. ಸೀಸನ್ ಮುಗಿಯಿತು, ಕೋವಿ ಬೀರು ಸೇರಿತು.

"ಅದಕ್ಕೇನಾಯ್ತು ರಾಯರೇ?" ಎಂದು ಅವತ್ತು ಡಾಕ್ಟರು ಕೇಳಿದ್ದರು.

"ವಯಸ್ಸಾಗಿರ್ಬೇಕು ಡಾಕ್ಟ್ರೇ. ಕಿವಿ ಕೇಳಿಸಲ್ವೇನೋ."

"ಪಾಪ, ನನ್ ಹಾಗೇ" ಎಂದು ಅವರು ನಕ್ಕರು. ಆ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತಿದೆ. ಡಾಕ್ಟರೇ, ಇದನ್ನು ಓದಿದರೆ ಕ್ಷಮಿಸಿ. ಹುಂಜದ ಕಿವಿ ಚೆನ್ನಾಗಿಯೇ ಇತ್ತು. ನಮ್ಮ ಮನೆಯವರಿಗೆ ನಲವತ್ತು ವರ್ಷ ಹಿಡಿದ ಪಾಠವನ್ನು ಅದು ಒಂದೇ ವಾರದಲ್ಲಿ ಕಲಿತುಬಿಟ್ಟಿತ್ತು.