ನಗರಸೇವಕರ ಹಾಜರಿ ಕೇಳಿದವರು

ನಿವೃತ್ತರಾದ ಗಂಡಸರು ಮನೆಯಲ್ಲಿದ್ದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕೆಲವರು ಕುಂಡದಲ್ಲಿ ಟೊಮ್ಯಾಟೊ ಬೆಳೆಯುತ್ತಾರೆ, ಕೆಲವರು ಸೊಸೆಯ ಅಡಿಗೆಗೆ ಉಪ್ಪು ಹೇಳಿಕೊಡುತ್ತಾರೆ. ನಮ್ಮವರು ವಾರ್ಡಿನ ನಗರಸೇವಕರ, ಅಂದರೆ ಕಾರ್ಪೊರೇಟರ ಬೆನ್ನು ಹತ್ತಿದರು.

ನಾವು ವಿಜಯಪುರದ ಕಡೆಯವರು. ಇವರು ಪುಣೆ ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಆಯುಷ್ಯ ಕಳೆದು, ಕಾತ್ರಜದ ಸೊಸೈಟಿಯಲ್ಲಿ ಒಂದು ಮನೆ ಮಾಡಿದ್ದರು. ಚುನಾವಣೆಯ ಹೊತ್ತಿಗೆ ನಗರಸೇವಕರು ಕೈಮುಗಿದುಕೊಂಡು ಬಂದು, ನಾನು ಕೊಟ್ಟ ಚುರುಮುರಿ ತಿಂದು, "ಗೆದ್ದ ಮ್ಯಾಲೆ ನಾ ಏನು ಮಾಡ್ತೀನಿ ಅಂತ ಯಾವಾಗ ಬೇಕಾದ್ರೂ ಕೇಳ್ರಿ" ಎಂದು ಹೇಳಿ ಹೋದರು. ಅದು ಅವರು ಮನೆಮನೆಗೂ ಹೇಳಿದ ಮಾತು. ಕೇಳಬೇಕು ಅಂತ ತಿಳಿದುಕೊಂಡವರು ನಮ್ಮವರೊಬ್ಬರೇ.

ಇವರು ತೀರಿಹೋಗಿ ಕೆಲವು ತಿಂಗಳಾದವು. ಇಂಥವನ್ನು ನೆನೆದಾಗ ನಗು ಬರುತ್ತದೆ, ಜೊತೆಗೆ ನಗಲು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿ ಕೊಡುವವರು

ಮೊದಲು ಇವರು ಕೇಳಿದ್ದು ಹಾಜರಿ. ನಮ್ಮ ನಗರಸೇವಕರು ಸಭೆಗೆ ಎಷ್ಟು ಸಲ ಹೋಗಿದ್ದಾರೆ, ಹೋದಾಗ ಏನು ಮಾತಾಡಿದ್ದಾರೆ, ಇಷ್ಟೇ. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಪಾಲಿಕೆಗೆ ಹೋದರು, ನಾನೂ ಜೊತೆಗಿದ್ದೆ.

ಅಲ್ಲಿಯ ಗುಮಾಸ್ತ ಅರ್ಜಿ ಓದಿ, ಕನ್ನಡಕ ತೆಗೆದು, ಇವರನ್ನೂ ನನ್ನನ್ನೂ ಸಾವಕಾಶ ನೋಡಿದ. ಆಮೇಲೆ ಮರಾಠಿಯಲ್ಲಿ ಕೇಳಿದ: "ಅವರು ದಿನಾ ಎಲ್ಲಿಗೆ ಹೋಗ್ತಾರ, ಏನು ಮಾತಾಡ್ತಾರ ಅಂತ ಇಷ್ಟು ಚೌಕಶಿ ಮಾಡ್ಲಿಕ್ಕತ್ತೀರಿ. ಅವರ ಮನಿಗೆ ಹುಡುಗಿ ಕೊಡೋರಿದ್ದೀರೇನು?"

ಇವರು ಅಷ್ಟೇ ತಣ್ಣಗೆ ಹೇಳಿದರು: "ಹುಡುಗಿ ಆಗಿದ್ರ ವಾಪಸ್ ಕರಕೊಂಡು ಬರಬಹುದಿತ್ರಿ. ನಾವು ವೋಟು ಕೊಟ್ಟು ಕೂತೇವಿ."

ಎತ್ತಿದ ಕೈ

ನಮ್ಮ ಓಣಿಯ ತುದಿಗೆ ಒಂದು ಮೈದಾನವಿತ್ತು. ದೊಡ್ಡದೇನಲ್ಲ. ಮುಂಜಾನೆ ವಯಸ್ಸಾದವರೆಲ್ಲ ಅಲ್ಲಿ ಸುತ್ತು ಹಾಕುತ್ತಿದ್ದರು. ಎದೆಯ ತೊಂದರೆ ಬಂದ ಮೇಲೆ ಡಾಕ್ಟರು ನಡೆಯಲು ಹೇಳಿದ್ದರಿಂದ ಇವರೂ ಅಲ್ಲಿಗೇ ಹೋಗುತ್ತಿದ್ದರು. ಅದನ್ನು ಗಾಡಿ ನಿಲ್ಲಿಸುವ ಜಾಗ ಮಾಡಬೇಕೆಂಬ ಠರಾವು ಸಭೆಗೆ ಬಂತು. ನಗರಸೇವಕರು ಇವರ ಭುಜದ ಮೇಲೆ ಕೈಯಿಟ್ಟು, "ಕಾಕಾ, ನಾ ಇರೂತನಕ ಮೈದಾನ ಎಲ್ಲೂ ಹೋಗೂದಿಲ್ಲ" ಎಂದಿದ್ದರು.

ಪಾಸು ಮಾಡಿಸಿಕೊಂಡು ಇವರು ಸಭೆ ನೋಡಲು ಹೋದರು. ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕೂತರು. ಏನಾಯಿತು ಎಂದೆ.

"ಮತಕ್ಕ ಹಾಕಿದ್ರು. ಪರವಾಗಿ ಇದ್ದವರು ಕೈ ಎತ್ರಿ ಅಂದ್ರು. ನಮ್ಮವರು ಕೈ ಎತ್ತಿದ್ರು."

ಮರುದಿನ ನೇರ ಅವರ ಆಫೀಸಿಗೆ ಹೋಗಿ ಕೇಳಿದರಂತೆ. ನಗರಸೇವಕರು ಖರೇನೇ ಗಾಬರಿಯಾದರು. "ಯಾವ ಮೈದಾನ? ಕಾಕಾ, ದೇವರಾಣೆ ನಂಗ ಗೊತ್ತಿಲ್ಲ. ಚಹಾದವ ನನ್ನ ಬಿಟ್ಟು ಮುಂದ ಹೊಂಟಿದ್ದ. ಅವನಿಗೆ ಕೈ ಎತ್ತಿದೆ."

ಇವರು ಮನೆಗೆ ಬಂದು ನನ್ನ ಮುಂದೆ ಹೇಳಿದರು: "ನಾಕು ಮಂದಿಗೆ ಕೇಳಿ ನೋಡ್ದೆ. ಖರೇ ಅದ. ಚಹಾನೂ ಅವರಿಗೆ ಸಿಗಲಿಲ್ಲಂತ."

ಅಂದಿನಿಂದ ಇವರು ಹೈವೇ ಬದಿಗೆ, ಸಾತಾರಾದ ಬಸ್ಸುಗಳ ಹೊಗೆಯಲ್ಲಿ ನಡೆಯತೊಡಗಿದರು. ತಿರುಗಿ ಬಂದಾಗ ಕೆಮ್ಮುತ್ತಿದ್ದರು. ಮೈದಾನದ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಕೂತವರು ತಿನ್ನಬೇಕು

ಆಮೇಲೆ ಖರ್ಚು. ವಾರ್ಡಿನ ನಿಧಿಯಿಂದ ಉದ್ಯಾನಕ್ಕೆ ಹಿರಿಯ ನಾಗರಿಕರ ಸಲುವಾಗಿ ಸಿಮೆಂಟಿನ ಬೆಂಚು ಹಾಕಿಸಿದ್ದೇವೆ ಎಂದು ಕಾಗದದಲ್ಲಿತ್ತು. ಹೋಗಿ ನೋಡಿದರೆ ಉದ್ಯಾನದಲ್ಲಿ ಹುಲ್ಲಿತ್ತು, ನಾಯಿಗಳಿದ್ದವು, ಬೆಂಚಿರಲಿಲ್ಲ. ಮಾಲಿ ದೂರಕ್ಕೆ ಬೊಟ್ಟು ಮಾಡಿದ. ಅಲ್ಲಿ ನಗರಸೇವಕರ ಮೈದುನನ ಭೇಳ್‌ಪುರಿ ಅಂಗಡಿ. ಅದರ ಮುಂದೆ ನಮ್ಮ ಬೆಂಚುಗಳು ಸಾಲಾಗಿ ಕೂತಿದ್ದವು. ಬೆನ್ನ ಮೇಲೆ ನಗರಸೇವಕರ ಹೆಸರು, 'ಜ್ಯೇಷ್ಠರ ಸೇವೆಯಲ್ಲಿ' ಎಂಬ ಬರಹ.

ಇವರಿಗೆ ದಣಿವಾಗಿತ್ತು. ಕೂತರು. ಅಂಗಡಿಯವ ಕೂಡಲೇ ಬಂದ: "ಕಾಕಾ, ಇಲ್ಲಿ ಕೂತವರು ಏನರೆ ತಗೋಬೇಕು."

"ಇದು ನಮ್ಮ ರೊಕ್ಕದ ಬೆಂಚಪ್ಪಾ," ಎಂದರು ಇವರು.

ಅವನಿಗೆ ಸಂತೋಷವಾಯಿತು. "ಹೌದಾ? ಪಾಲುದಾರರಾ? ಹಂಗಾದ್ರ ನಿಮಗ ಖಾರ ಜಾಸ್ತಿ ಹಾಕಿ ಕೊಡ್ತೀನಿ. ರೊಕ್ಕ ಮಾತ್ರ ಅಷ್ಟ."

ತಿಂದೆವು. ಭೇಳು ಚೆನ್ನಾಗಿತ್ತು ಎಂಬುದನ್ನೂ ಇವರು ಮುಂದಿನ ಅರ್ಜಿಯಲ್ಲಿ ನಮೂದಿಸಿದರು. ಲೆಕ್ಕ ಬರೆದವರು, ಜಮಾ ಆದದ್ದನ್ನು ಬಿಡುತ್ತಿರಲಿಲ್ಲ.

ವಶೀಲಿ

ಇಷ್ಟೆಲ್ಲ ತಿಳಿದ ಮೇಲೆ ನಾಲ್ಕು ಜನರಿಗೆ ಹೇಳಬೇಡವೇ? ಹಾಜರಿ, ಮತ, ಖರ್ಚು ಎಲ್ಲವನ್ನೂ ಚಂದ ಅಕ್ಷರದಲ್ಲಿ ಮರಾಠಿಯಲ್ಲಿ ಬರೆದು ಸೊಸೈಟಿಯ ಫಲಕಕ್ಕೆ ಹಚ್ಚಿದರು. ಜನ ನಿಂತು ಓದಿದರು. ಇವರು ಬಾಲ್ಕನಿಯಿಂದ ನೋಡುತ್ತ, "ಓದ್ಲಿಕ್ಕತ್ತಾರ ನೋಡು" ಎಂದು ಹಿಗ್ಗಿದರು. ಇನ್ನು ಎಲ್ಲರೂ ಸೇರಿ ಕೇಳುತ್ತಾರೆ ಎಂಬುದು ಇವರ ಆಸೆ.

ಮರುದಿನ ಬೆಳಿಗ್ಗೆ ಸೊಸೈಟಿಯ ಸೆಕ್ರೆಟರಿ ಪೇಢೆಯ ಡಬ್ಬಿ ಹಿಡಿದು ಬಂದ. ಇವರು ಉತ್ಸಾಹದಿಂದ ಕುರ್ಚಿ ಎಳೆದು ಕೊಟ್ಟರು. ಅವನು ದನಿ ಇಳಿಸಿ ಹೇಳಿದ: "ಕಾಕಾ, ನೀವು ಅವರಿಗೆ ಇಷ್ಟು ಹತ್ತಿರದವರು ಅಂತ ಗೊತ್ತೇ ಇರಲಿಲ್ಲ. ಎಲ್ಲಿ ಹೋಗ್ತಾರ, ಏನು ಖರ್ಚು ಮಾಡ್ತಾರ, ಎಲ್ಲಾ ನಿಮಗೇ ಗೊತ್ತು. ನನ್ನ ಅಳಿಯನ ನಳದ ಕನೆಕ್ಷನ್ ಒಂದು ಅಡಕಿಬಿದ್ದದ. ನೀವು ಒಂದು ಮಾತು ಹಾಕಿದ್ರ…"

ಅವನ ಹಿಂದೆ ಇನ್ನೂ ಕೆಲವರು ಬಂದರು. ಒಬ್ಬರಿಗೆ ಮೊಮ್ಮಗಳ ಶಾಲೆ, ಒಬ್ಬರಿಗೆ ಅಂಗಡಿಯ ಪರವಾನಗಿ. ಮೈದಾನ ಯಾಕೆ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ. ಅಂದು ಇವರು ಮಧ್ಯಾಹ್ನ ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದರು.

ನಾನು ಪೇಢೆ ತಿನ್ನಿರಿ ಎಂದೆ. ಇವರು ತಿರುಗದೇ ಹೇಳಿದರು: "ಬ್ಯಾಡ. ಅದು ಲಂಚ ಅದ."

ಮಾತಾಡಿಸಲು ಬಂದವರು

ಮಳೆಗಾಲ ಮುಗಿಯುವ ಹೊತ್ತಿಗೆ ಇವರು ನಿದ್ದೆಯಲ್ಲೇ ಹೋದರು. ಕಷ್ಟಪಡಲಿಲ್ಲ ಎಂದು ಎಲ್ಲರೂ ಹೇಳಿದರು. ನಾನು ಚಹಾ ಹಿಡಿದು ಎಬ್ಬಿಸಲು ಹೋಗಿದ್ದೆ. ಆಮೇಲೆ ಅಳು ಬರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತ, ನೀರು ಕೊಡಿಸುತ್ತ ಓಡಾಡಿದೆ. ವಿಜಯಪುರದಿಂದ ಬಂದ ನಾದಿನಿ ಹೆದರಿ, "ವೈನಿ, ಒಮ್ಮೆ ಅತ್ತುಬಿಡ್ರಿ, ಎದಿ ಹಗುರಾಗ್ತದ" ಎನ್ನುತ್ತಲೇ ಇದ್ದಳು.

ಒಂದು ಮಧ್ಯಾಹ್ನ ನಗರಸೇವಕರು ಬಂದರು. ಹಿಂದೆ ಅವರ ಸಹಾಯಕ, ಕೈಯಲ್ಲಿ ಹಾರ. ಫೋಟೋಕ್ಕೆ ಹಾರ ಹಾಕಿ ನೆಲದ ಮೇಲೆಯೇ ಕೂತರು. ಇವರು ಅವರನ್ನು ಎಷ್ಟು ಕಾಡಿದ್ದರು ಎಂಬುದು ನೆನಪಾಗಿ ನನಗೇ ಸಂಕೋಚವಾಯಿತು. ಆದರೆ ಅವರ ಕಣ್ಣು ಖರೇನೇ ಒದ್ದೆಯಾಗಿತ್ತು.

"ಕಾಕೂ, ನಾ ಸಭಾಕ್ಕ ಹೋಗಿದ್ನೋ ಇಲ್ಲೋ, ಏನು ಮಾತಾಡಿದೆ, ಇದನ್ನೆಲ್ಲ ನನ್ನ ಹೆಂಡತಿ ಸುದ್ದಾ ಒಮ್ಮೆ ಕೇಳಿಲ್ಲ. ನನ್ನ ಕೆಲಸ ಅಂತ ಒಂದದ ಅಂತ ತಿಳದವರು ಊರಾಗ ಕಾಕಾ ಒಬ್ಬರೇ. ಇನ್ನ ಯಾರು ಕೇಳ್ತಾರ ನನ್ನ?"

ನನಗೆ ಏನೆನಿಸಿತೋ. "ನಾ ಕೇಳ್ತೀನಿ ಬಿಡ್ರಿ," ಎಂದೆ. "ಮುಂದಿನ ಸಭಾ ಯಾವಾಗ ಅದ?"

ಅವರು ಕಣ್ಣು ಒರೆಸಿಕೊಂಡು ಸಹಾಯಕನ ಕಡೆ ತಿರುಗಿದರು. "ಯಾವಾಗ ಅದೋ?"

ಸಹಾಯಕ ಫೋಟೋ ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲ ನೋಡುತ್ತ ಹೇಳಿದ: "ಈಗ ನಡದದ ಸಾಹೇಬ್ರ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆ ಮನುಷ್ಯನನ್ನು ಸಭೆಗೆ ಕಳಿಸಲು ಇಷ್ಟು ಒದ್ದಾಡಿದವರು, ಹೋಗುವಾಗ ಒಂದು ಗೈರುಹಾಜರಿಗೆ ತಾವೇ ಕಾರಣರಾದರು. ನಗು ತಡೆಯಲಾಗದೆ ಮೈಯೆಲ್ಲ ನಡುಗಿತು. ನಾದಿನಿ ಓಡಿ ಬಂದು ಬೆನ್ನು ಸವರುತ್ತ, "ಅಳ್ರಿ ವೈನಿ, ತಡೀಬ್ಯಾಡ್ರಿ, ಅಳ್ರಿ" ಎಂದಳು.

ಅವಳು ಅಷ್ಟು ಹೇಳಿದ ಮೇಲೆ ಅಳುವೂ ಬಂತು.