ಟೋಪಿಯೊಳಗಿನ ಹೂವು

ತಾಪತ್ರಯವೆಲ್ಲ ಶುರುವಾದದ್ದು ಚರ್ಚಿನ ಹೊರಗೋಡೆಯ ಬಿರುಕಿನಲ್ಲಿ ಅರಳಿದ್ದ ಕಿರುಬೆರಳುದ್ದದ ನೀಲಿ ಹೂವಿನಿಂದ. ಥುರಿಂಗಿಯ ಸೀಮೆಯ ಗಿಡಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ಸಸ್ಯಶಾಸ್ತ್ರಿ ಗೊಟ್ಲೊಬನಿಗೆ ಇದರ ಗುರುತು ಹತ್ತಲಿಲ್ಲ. ಅಂದರೆ ಜಗತ್ತಿಗೇ ಹೊಸದು! ಹೆಸರಿಡುವ ಭಾಗ್ಯ ಅವನದು!

ಆದರೆ ಅಂದು ಅವನ ಮದುವೆ. ಹಿಂದೆ ಎರಡು ಸಲ, ಒಮ್ಮೆ ಜರೀಗಿಡದ ಬೆನ್ನುಹತ್ತಿ, ಇನ್ನೊಮ್ಮೆ ಪಾಚಿಯ ಬೆನ್ನುಹತ್ತಿ, ಮದುವೆಯ ದಿನವೇ ಕಾಣೆಯಾಗಿದ್ದ. ಹುಡುಗಿಯ ಅಪ್ಪ, ಹಿಟ್ಟಿನ ಗಿರಣಿಯ ಕ್ರಾಫ್ಟ್, ಖಡಾಖಂಡಿತ ಹೇಳಿದ್ದ: "ಇವತ್ತು ಒಂದು ಹುಲ್ಲುಕಡ್ಡಿ ಮುಟ್ಟಿದ್ರೂ ಒಟೀಲಿಯೆ ನಿನಗಿಲ್ಲ, ತಿಳ್ಕೋ!"

ಗೊಟ್ಲೊಬ್ ಅತ್ತಿತ್ತ ನೋಡಿದ. ಇದ್ದ ಒಂದೇ ಗಿಡವನ್ನು ಬೇರುಸಮೇತ ಕಿತ್ತು, ಎತ್ತರದ ಟೋಪಿಯೊಳಗಿಟ್ಟು ತಲೆಗೇರಿಸಿದ. ಚರ್ಚಿನೊಳಗೆ ಗಂಡಸರು ಟೋಪಿ ತೆಗೆಯಬೇಕೆಂಬುದು ಪಾದ್ರಿಯ ಎದುರು ನಿಂತಮೇಲೆಯೇ ನೆನಪಾಯಿತು.

"ಟೋಪಿ, ಮಗೂ."

"ಶೀತ ಆಗಿದೆ ಪಾದ್ರಿಗಳೇ."

"ಈ ಸುಡುಬಿಸಿಲಲ್ಲಾ?"

ಹಿಂದಿನ ಸಾಲಿನಿಂದ ದರ್ಜಿಯ ಹೆಂಡತಿ ಪಿಸುಗುಟ್ಟಿದಳು, "ತಲೆ ಬೋಳಾಗಿರ್ಬೇಕು, ಪಾಪ."

"ಸುಮ್ನಿರೇ, ಹೇನು ಬಿದ್ದಿರುತ್ತೆ," ಎಂದ ದರ್ಜಿ.

ಹೇನಿನ ಸುದ್ದಿ ಹೇನಿಗಿಂತ ಬೇಗ ಹರಿದು ಮುಂದಿನ ಸಾಲು ಮುಟ್ಟುವಷ್ಟರಲ್ಲಿ ಕಜ್ಜಿಯಾಗಿತ್ತು. "ಕಜ್ಜಿಯಾ? ನಮ್ಮ ಹುಡುಗಿಗಾ?" ಎಂದು ಒಟೀಲಿಯೆಯ ಸೋದರತ್ತೆ ಎದ್ದುಬಂದು ಟೋಪಿಯನ್ನು ಕಿತ್ತೇಬಿಟ್ಟಳು. ಒಂದು ಹಿಡಿ ಮಣ್ಣಿನೊಡನೆ ಹೂವು ಮದುವಣಗಿತ್ತಿಯ ಪಾದದ ಬಳಿ ಬಿತ್ತು.

ಕ್ರಾಫ್ಟನ ಕತ್ತು ಬೀಟ್‌ರೂಟಿನಂತೆ ಕೆಂಪಾಯಿತು. "ನಡಿಯೇ ಮನೆಗೆ!"

ಒಟೀಲಿಯೆ ಬಗ್ಗಿ ಹೂವನ್ನೆತ್ತಿಕೊಂಡಳು. "ಎರಡು ಸಲ ನನ್ನ ಬಿಟ್ಟು ಗಿಡದ ಹಿಂದೆ ಹೋದ್ರಿ. ಈ ಸಲ... ಇದು ನನಗೆ ತಂದಿದ್ದಾ?"

ಗೊಟ್ಲೊಬ್ ನಿಜ ಹೇಳಲೆಂದೇ ಬಾಯಿ ತೆರೆದ. ಅವಳ ಕಣ್ಣುಗಳು ತುಂಬಿದ್ದವು. ಅವನ್ನೇ ನೋಡುತ್ತ ನಿಂತ. ಎಸಳು ಎಣಿಸದೆ ಅವನು ಹಿಂದೆಂದೂ ಯಾವುದನ್ನೂ ಇಷ್ಟು ಹೊತ್ತು ನೋಡಿದವನಲ್ಲ.

"ಹೂಂ. ನಿನಗೇ."

ಅವಳು ಅದನ್ನು ತಲೆಗೆ ಮುಡಿದಿದ್ದ ಮದುವೆಯ ಹಸಿರು ದಂಡೆಗೆ ಸಿಕ್ಕಿಸಿಕೊಂಡಳು. ಕ್ರಾಫ್ಟ್ ಮೂಗೊರೆಸಿಕೊಂಡ. ಮದುವೆ ಆಯಿತು.

ಊಟವಾದ ಮೇಲೆ ಗೊಟ್ಲೊಬ್ ಮೆಲ್ಲಗೆ ಸೋದರತ್ತೆಯನ್ನು ಕೇಳಿದ, "ಆ ಹೂವು ಒಂದು ಗಳಿಗೆ ಸಿಕ್ಕಿದ್ರೆ... ಬಿಡಿಸಿ ನೋಡದೆ ಹೆಸರಿಡೋಕಾಗಲ್ಲ..."

"ಮದುವೆಯ ದಂಡೆ ಜೋಪಾನವಾಗಿಡೋದು ನಮ್ಮ ಪದ್ಧತಿ; ಆಗಲೇ ಗಾಜಿನ ಬುರುಡೆಯೊಳಗೆ ಸೇರಿತು. ಅರಗು ಹಾಕಿ ಮುಚ್ಚಿದೀನಿ. ತೆಗೆದ್ರೆ ಸಂಸಾರ ಒಡೀತು ಅಂತಲೇ ಲೆಕ್ಕ, ಗೊತ್ತಲ್ಲ?"

ಮಂಚದ ತಲೆದೆಸೆಗೆ ಆ ಗಾಜು ಇಂದಿಗೂ ಇದೆ. ಒಟೀಲಿಯೆ ದರ್ಜಿಯ ಹೆಂಡತಿಗೆ ಹೆಮ್ಮೆಯಿಂದ ಹೇಳುತ್ತಾಳೆ: "ನಮ್ಮನೆಯವರಿಗೆ ಮದುವೆ ಅಂದ್ರೆ ಇನ್ನೂ ಅದೇ ಪ್ರೀತಿ ಕಣ್ರೀ. ದಿನಾ ಬೆಳಿಗ್ಗೆ ಎದ್ದು ಗಾಜಿಗೆ ಮೂಗು ಒತ್ತಿ ನಿಲ್ತಾರೆ. ಕಣ್ಣಲ್ಲಿ ನೀರು!"