ಫೈಲಿನಲ್ಲಿ ಬರೆದ ಬೆಕ್ಕು

ಬಾಗಿಲು ಮುಂದೆ ಮಾಡಿ ಹತ್ತಿರ ಬನ್ನಿ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ನಾನಂತೂ ಈ ಬೀದಿ ದಾಟಿ ಯಾರಿಗೂ ಹೇಳಿಲ್ಲ. ನಮ್ಮ ಪಕ್ಕದ ಮನೆಯ ಟೈಪಿಸ್ಟಮ್ಮ ಸರ್ಕಾರದ ಲೆಕ್ಕದಲ್ಲಿ ಈಗ ಬೆಕ್ಕು.

ಆಕೆ ನೀರು ಸರಬರಾಜು ಕಚೇರಿಯಲ್ಲಿ ಪತ್ರ ಟೈಪು ಮಾಡುವವಳು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಗಂಡ ಮಂಚಕ್ಕೆ ಅಂಟಿಕೊಂಡವನು, ಕಾಯಿಲೆಯಿಂದಲ್ಲ, ಸ್ವಭಾವದಿಂದ. ಕಣ್ಣು ಮಂಜಾದ ಮೇಲೆ ಅವಳು ಕಂಪ್ಯೂಟರಿನ ಬರೆಯುವ ಪರದೆಯನ್ನು ತನಗೆ ಒಗ್ಗುವಂತೆ ಮಾಡಿಕೊಂಡಿದ್ದಳು: ಕಪ್ಪು ಹಿನ್ನೆಲೆ, ಕೋಟಿನ ಗುಂಡಿಯಷ್ಟು ದಪ್ಪ ಅಕ್ಷರ. ಒಂದು ಕೀಲಿ ಒತ್ತಿದರೆ ಸಾಕು, ‘ಮಾನ್ಯರೇ, ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂಬ ಸಾಲು ತಾನೇ ಬಂದು ಬೀಳುತ್ತಿತ್ತು. ಕಚೇರಿಯ ಮುಕ್ಕಾಲು ಕೆಲಸ ಆ ಕೀಲಿಯೇ ಮಾಡುತ್ತಿತ್ತು.

ನಾದಿನಿಯ ಹೆರಿಗೆಗೆಂದು ರಜ ಹಾಕಿ ಮರುದಿನ ಬಂದು ನೋಡಿದರೆ ಅಕ್ಷರಗಳೆಲ್ಲ ಇರುವೆಯಷ್ಟಾಗಿವೆ, ಕೀಲಿ ಸತ್ತಿದೆ. ಮತ್ತೆ ಸರಿಮಾಡಿಕೊಂಡಳು. ಬೆಳಗಾದರೆ ಮತ್ತೆ ಇರುವೆ. ಹೊಸದಾಗಿ ಬಂದ ಕಂಪ್ಯೂಟರಿನವನನ್ನು ಹಿಡಿದು ಕೇಳಿದಳು.

“ಅಮ್ಮಾ, ಎಲ್ಲ ಹೇಗಿರಬೇಕು ಅಂತ ಒಂದೇ ಫೈಲಿನಲ್ಲಿ ಘೋಷಣೆ ಮಾಡಿಬಿಟ್ಟಿದ್ದೀವಿ,” ಎಂದ ಅವನು. “ದಿನಾ ಬೆಳಿಗ್ಗೆ ಯಂತ್ರಗಳು ಅದನ್ನು ಓದಿ ಹಾಗೇ ಆಗ್ತವೆ. ಅದರಲ್ಲಿ ಇಲ್ಲದ್ದು ಅಳಿಸಿಹೋಗುತ್ತೆ. ನಾಳೆ ಎಲ್ಲ ಸುಟ್ಟು ಬೂದಿಯಾದರೂ ಆ ಫೈಲಿನಿಂದ ತದ್ರೂಪ ಇದೇ ಕಚೇರಿ ಎದ್ದು ನಿಲ್ಲುತ್ತೆ.”

ಇದೇ ಮಾತನ್ನು ಮೊದಲ ಸಲ ಕೇಳಿದ ದಿನವೇ ದೊಡ್ಡ ಸಾಹೇಬರಿಗೆ ಆವೇಶ ಬಂದಿತ್ತಂತೆ. ಯಂತ್ರಕ್ಕೆ ಮಾತ್ರ ಈ ಶಿಸ್ತು ಯಾಕೆ ಎಂದು ಕಂಪ್ಯೂಟರಿನವನನ್ನು ಕೋಣೆ ಕೋಣೆ ಸುತ್ತಿಸಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಫೈಲಿಗೆ ಸೇರಿಸಿದರು. ಗೋಡೆಗೆ ಸುತ್ತೋಲೆ ಅಂಟಿತು: ‘ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಘೋಷಣೆಯಾದದ್ದು ಇದೆ, ಘೋಷಣೆಯಾಗದ್ದು ಇಲ್ಲ. ಪ್ರತಿದಿನ ಬಾಗಿಲು ತೆರೆಯುವ ಮುನ್ನ ಕಚೇರಿಯನ್ನು ಘೋಷಿತ ಸ್ಥಿತಿಗೆ ತರತಕ್ಕದ್ದು.’

ಹಾಗೆ ಫೈಲಿಗೆ ಸೇರಿಸಿದ ದಿನ ಮೊಗಸಾಲೆಯ ನಲ್ಲಿ ಸೋರುತ್ತಿತ್ತು. ಆಮೇಲೆ ಯಾರೋ ಪುಣ್ಯಾತ್ಮ ಅದನ್ನು ರಿಪೇರಿ ಮಾಡಿ ನೋಟಿಸು ಪಡೆದ. ಈಗ ದಿನಾ ಬೆಳಿಗ್ಗೆ ಬಂದು ಸಡಿಲ ಮಾಡಿ ಹೋಗುತ್ತಾನೆ. ಜವಾನ ಅವತ್ತು ಆಕಳಿಸುತ್ತಿದ್ದನಂತೆ. ಆಕಳಿಸುವುದೇ ಅವನ ಹುದ್ದೆಯಾಯಿತು. ಅವನಿಗೇನು, ಮೊದಲೂ ಅದೇ.

“ಹಾಗಾದ್ರೆ ನನ್ನ ದಪ್ಪ ಅಕ್ಷರಾನೂ ಒಂದು ಸಾಲು ಸೇರಿಸಪ್ಪಾ,” ಎಂದಳು ಟೈಪಿಸ್ಟಮ್ಮ.

“ಸೇರಿಸಬಹುದು. ಆದರೆ ಅರ್ಜಿ ಘೋಷಿತ ಸಿಬ್ಬಂದಿಯಿಂದ ಬರಬೇಕು. ಅವತ್ತು ನೀವು ರಜ. ನೀವು ಫೈಲಿನಲ್ಲಿ ಇಲ್ಲ.”

“ನಾನಿಲ್ವಾ? ಮತ್ತೆ ನನ್ನ ಕುರ್ಚಿ ಮೇಲೆ ಯಾರಿದ್ದಾರೆ?”

ಅವನು ಓದಿದ: “ಕಿಟಕಿ ಪಕ್ಕದ ಕುರ್ಚಿ. ಬೆಕ್ಕು, ಬೂದು ಬಣ್ಣ, ಮಲಗಿದೆ.”

ಸಾಹೇಬರ ಮುಂದೆ ಹೋಗಿ ಅತ್ತಳು. ಅವರು ತುಂಬ ಸೌಮ್ಯವಾಗಿ ಹೇಳಿದರಂತೆ, “ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲಮ್ಮ. ನೀವು ಇಲ್ಲ, ಅಷ್ಟೆ.”

“ನನ್ನ ಸಂಬಳ, ಸಾರ್?”

“ಆ ಕುರ್ಚಿಯ ಸಂಬಳ ಆ ಕುರ್ಚಿಯಲ್ಲಿ ಇರುವವರಿಗೆ.”

ಆ ರಾತ್ರಿ ಅವಳು ಗಂಡನ ಮುಂದೆ ಗೋಳಾಡಿದ್ದು ಒಂದಕ್ಷರ ಬಿಡದೆ ನನಗೆ ಕೇಳಿಸಿತು. ನಡುವಿನ ಗೋಡೆ ತೆಳು, ಏನು ಮಾಡಲಿ? ಆ ಮಹರಾಯ ಮಗ್ಗುಲು ಬದಲಿಸಿ, “ಬೆಕ್ಕನ್ನೇ ಮಾತಾಡಿಸಿ ನೋಡು,” ಅಂದ.

ಬೆಕ್ಕು ಎಷ್ಟಾದರೂ ಬೆಕ್ಕು. ಮೇಲಿನ ಕಚೇರಿಯಿಂದ ತಪಾಸಣೆಗೆ ಬರುವ ದಿನವೇ ನಾಪತ್ತೆ. ಕುರ್ಚಿ ಖಾಲಿ, ಕಚೇರಿ ಘೋಷಿತ ಸ್ಥಿತಿಯಲ್ಲಿಲ್ಲ, ಬಾಗಿಲು ತೆರೆಯುವಂತಿಲ್ಲ. ಹೊರಗೆ ಖಾಲಿ ಕೊಡ ಹಿಡಿದ ಜನ ಕೂಗುತ್ತಿದ್ದಾರೆ. ಸಾಹೇಬರು ಬೆವರಿನಲ್ಲಿ ಮಿಂದು, ಮೇಜಿನ ಕೆಳಗೆಲ್ಲ ಬಗ್ಗಿ ‘ಬಾ ಪುಟ್ಟಾ, ಬಾ ರಾಜಾ’ ಎನ್ನುತ್ತಿದ್ದಾರೆ.

ನಮ್ಮ ಟೈಪಿಸ್ಟಮ್ಮ ಹಿಂಬಾಗಿಲಿಂದ ಒಳಗೆ ಬಂದಳು. ಮೈ ಮೇಲೆ ಬೂದು ಬಣ್ಣದ ಸೀರೆ. ನೆಟ್ಟಗೆ ಹೋಗಿ ಕುರ್ಚಿ ಹತ್ತಿ ಕಾಲು ಮಡಚಿ, ತೋಳಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಕಂಪ್ಯೂಟರಿನವನು ಫೈಲು ನೋಡಿ ತಾಳೆ ಹಾಕಿದ. “ಬೂದು ಬಣ್ಣ, ಸರಿಯಾಗಿದೆ. ಮಲಗಿದೆ, ಸರಿಯಾಗಿದೆ.”

“ಬೆಕ್ಕು?” ಎಂದರು ಸಾಹೇಬರು.

ಕುರ್ಚಿಯಿಂದ ಸಣ್ಣಗೆ, “ಮ್ಯಾಂವ್.”

“ಸರಿಯಾಗಿದೆ. ಬಾಗಿಲು ತೆಗೀರಿ,” ಎಂದರು ಸಾಹೇಬರು.

ಅಂದಿನಿಂದ ದಿನವಿಡೀ ನಿದ್ದೆ, ತಿಂಗಳಿಗೆ ಸರಿಯಾಗಿ ಸಂಬಳ, ಮೇಲೆ ಹಾಲಿನ ಭತ್ಯೆ. ದೂರುಗಳಿಗೆ ಉತ್ತರ ಹೋಗುವುದು ನಿಂತಿದೆ. ಮೊದಲು ಹೋಗುತ್ತಿದ್ದ ಉತ್ತರ ಎಂಥದೆಂದು ಗೊತ್ತಿದ್ದರಿಂದ ಜನರೂ ಕೇಳಿಲ್ಲ. ತಪಾಸಣೆಗೆ ಬಂದವರು ಬೆಕ್ಕಿನ ಶಿಸ್ತನ್ನು ವಿಶೇಷವಾಗಿ ಮೆಚ್ಚಿ ಬರೆದು ಹೋದರಂತೆ.

ನನಗೆ ತಡೆಯಲಾಗಲಿಲ್ಲ. ಮೊನ್ನೆ ಬಟ್ಟೆ ಒಣಹಾಕುವಾಗ ಕೇಳಿಯೇಬಿಟ್ಟೆ, “ಅಲ್ವೇ, ಓದಿದ ಹೆಂಗಸು ಬೆಕ್ಕಾಗಿ ಸಂಬಳ ಎಣಿಸ್ತೀಯಲ್ಲ, ನಾಚಿಕೆ ಆಗಲ್ವಾ?”

ಅವಳು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಮೈ ಮುರಿದು, ನನ್ನ ಮುಖಕ್ಕೇ ಹೇಳಿದಳು: “ಅಜ್ಜೀ, ನಮ್ಮ ಬೀದಿಗೂ ಘೋಷಣೆ ಆಯ್ತು. ನಲ್ಲಿ ನೋಡೋಕೆ ಬಂದವನು ನಿಮ್ಮನ್ನೂ ಬರ್ಕೊಂಡು ಹೋಗಿದ್ದಾನೆ: ‘ಮುದುಕಿ, ಪಕ್ಕದ ಮನೆ ಗೋಡೆಗೆ ಕಿವಿ ಕೊಟ್ಟಿದ್ದಾಳೆ.’ ನಾಳೆಯಿಂದ ದಿನಾ ಬೆಳಿಗ್ಗೆ ಅಲ್ಲೇ ನಿಂತಿರಿ. ನಿಮ್ಮ ಕಿವಿ ಗೋಡೆಗೆ ತಾಗದೆ ಬೀದಿಗೆ ನೀರು ಬಿಡೋ ಹಾಗಿಲ್ಲ.”